ಇಂಡಿ ಲಿಂಬೆ ಕಡಲು ದಾಟಿತು, ಸಸಿ ದಾಟುವುದೆಂದು?

ಒಂದು ಲಿಂಬೆ ಬೀಜ ಊರಿದರೆ ಒಮ್ಮೊಮ್ಮೆ ಎರಡು ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಪಡಿಯಚ್ಚು. ಪರಾಗಸ್ಪರ್ಶದಿಂದ ಹುಟ್ಟಿದ್ದು ಸಾಮಾನ್ಯವಾಗಿ ಸೊರಗಿ ಹಿಂದೆ ಬೀಳುತ್ತದೆ. ಆಲಮೇಲ, ಇಂಡಿ, ಸಿಂದಗಿ ಸೀಮೆಯಲ್ಲಿ ಕಾಗ್ಜಿ ಲಿಂಬೆಯ ಸಸಿ ಮಾಡುವ ಕಸುಬು ನಿಂತಿರುವುದು ಈ ಗುಣದ ಮೇಲೆ. ಕಸಿ ಕಟ್ಟುವ ಗೋಜಿಲ್ಲ, ಒಳ್ಳೆಯ ತಾಯಿಗಿಡ ಆರಿಸಿಕೊಳ್ಳಬೇಕು, ಅಷ್ಟೆ. ಗಿಡದಲ್ಲೇ ಹಳದಿಗೆ ತಿರುಗಿದ ಹಣ್ಣಿನ ಬೀಜ ತೆಗೆದು, ಲೋಳೆ ಹೋಗುವಂತೆ ಬೂದಿಯಲ್ಲಿ ತಿಕ್ಕಿ, ತೊಳೆದು ನೆರಳಲ್ಲಿ ಆರಹಾಕುತ್ತಾರೆ. ಬಿಸಿಲಿಗೆ ಒಣಗಿಸಿದರೆ ಕೆಟ್ಟಿತು. ತಿಂಗಳುಗಟ್ಟಲೆ ಇಟ್ಟರೂ ಮೊಳೆಯುವುದಿಲ್ಲ. ಏರುಮಡಿಯ ಅಗಿಯನ್ನು ಚೀಲಕ್ಕೆ ಕಿತ್ತುಹಚ್ಚಿ, ವರ್ಷದ ಸಸಿಯಾದ ಮೇಲೆ ಮಾರಾಟ.

ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಂಡಿಯಲ್ಲೇ. ಇಂಡಿ ಲಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮನ್ನಣೆಯೂ ಸಿಕ್ಕಿದೆ. 2025ರ ಆಗಸ್ಟ್‌ನಲ್ಲಿ ಮೂರು ಟನ್ ಹಣ್ಣು ಯುಎಇಗೆ ಹೋಯಿತು. ಆದರೆ ಹಣ್ಣು ಹೋದ ದಾರಿಯಲ್ಲಿ ಸಸಿ ಹೋಗಲಾರದು.

ಕಾರಣ ಕಜ್ಜಿ ರೋಗ. ಎಲೆಯ ಮೇಲೆ ಒರಟು ಕಂದು ಗುಳ್ಳೆ, ಸುತ್ತ ಹಳದಿ ಬಳೆ. ಮಳೆಹನಿ ಸಿಡಿದರೆ ಪಕ್ಕದ ಗಿಡಕ್ಕೂ ಹಬ್ಬುವ ಬ್ಯಾಕ್ಟೀರಿಯಾ. ಸುಮಾರು 1910ರಲ್ಲಿ ಜಪಾನಿನಿಂದ ತರಿಸಿದ ಸಸಿಗಳ ಜೊತೆ ಇದು ಫ್ಲಾರಿಡಾ ಹೊಕ್ಕಿತು. ತೊಲಗಿಸಲು ಅಲ್ಲಿನವರು ಲಕ್ಷಗಟ್ಟಲೆ ಗಿಡಗಳನ್ನು ಸುಟ್ಟರು. 1919ರಿಂದ ಅಮೆರಿಕವು ಬೇರಿಗೆ ಮಣ್ಣು ಅಂಟಿದ ಗಿಡಗಳಿಗೆ ಬಾಗಿಲು ಬಿಗಿ ಮಾಡಿತು. ಇಂದಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡ ಗಡಿ ದಾಟುವುದು ಕಷ್ಟ. ಲಿಂಬೆ ಜಾತಿಗೆ ಅನೇಕ ದೇಶಗಳು ಇನ್ನೂ ಕಟ್ಟುನಿಟ್ಟು. ಆ ಭಯ ನ್ಯಾಯವಾದದ್ದೇ.

ಹಾಗೆಂದು ಬೀಜ, ಗಿಡಗಳನ್ನು ಹೊರದೇಶಕ್ಕೆ ಕಳಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದ ಮನಮೋಹನ ಅತ್ತಾವರ, ಪೆಟೂನಿಯಾ ಹೂವಿನ ಸಂಕರ ಬೀಜವನ್ನು ಅಮೆರಿಕಕ್ಕೆ ಕಳಿಸಿದರು. ಹೂಬೀಜ, ಅಂಗಾಂಶ ಕೃಷಿಯ ಅಲಂಕಾರ ಗಿಡಗಳು ಹೊರಗೆ ಹೋಗುವುದು ಸುಲಭ, ಏಕೆಂದರೆ ಅವು ಮಣ್ಣನ್ನು ಜೊತೆಗೆ ಒಯ್ಯುವುದಿಲ್ಲ. ಪ್ರಚಾರ ಫಲಕ, ಮೇಳ, ಬಣ್ಣದ ಕರಪತ್ರಗಳಿಗಿಂತ ವಿದೇಶಿ ಗ್ರಾಹಕ ಮೊದಲು ನೋಡುವುದು ಈ ಶುದ್ಧಿಯನ್ನೇ ಎಂದು ನನ್ನ ದೃಢ ನಂಬಿಕೆ.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ 1,765.67 ಕೋಟಿ ರೂಪಾಯಿಯ ಶುದ್ಧ ಸಸ್ಯ ಕಾರ್ಯಕ್ರಮದ ಉದ್ದೇಶವೂ ರೋಗವಿಲ್ಲದ ತಾಯಿಗಿಡಗಳನ್ನು ಒದಗಿಸುವುದು. ಇದಕ್ಕಾಗಿ ದೇಶದಲ್ಲಿ ಒಂಬತ್ತು ಕೇಂದ್ರಗಳು ಬರಲಿವೆ. ಅದರ ಫಲ ಭೀಮಾ ತೀರದ ಈ ಸೀಮೆಯ ಸಣ್ಣ ನರ್ಸರಿಗಳವರೆಗೂ ಮುಟ್ಟಬೇಕು. ದೊಡ್ಡವರಲ್ಲೇ ನಿಂತರೆ ರೋಗವೂ ನಿಲ್ಲದು.

ಈ ಮಳೆಗಾಲಕ್ಕೆ ಲಿಂಬೆ ಹಚ್ಚುವವರು ಸಸಿ ಕೊಳ್ಳುವಾಗ ತಾಯಿಗಿಡ ಯಾವುದೆಂದು ಕೇಳಿ, ಎಲೆ ಮಗುಚಿ ನೋಡಿ. ಕಜ್ಜಿ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ ಎನ್ನಿ.