ಸೀಟಿನ ಕೆಳಗೆ ಮ್ಯಾಂವ್!

ಔರಾದ: ಕಿರಾಣಿ ಅಂಗಡಿ ಅಂದಮೇಲೆ ಇಲಿ, ಇಲಿ ಅಂದಮೇಲೆ ಬೆಕ್ಕು. ತೊಗರಿ, ಜೋಳದ ಚೀಲ ಕಾಯುವ ಈ ನೌಕರನಿಗೆ ಪಗಾರ ಇಲ್ಲ, ರಜೆ ಇಲ್ಲ. ಅದೇ ಬೆಕ್ಕು ಚೀಲಗಳ ಸಂದಿಯಲ್ಲಿ ನಾಲ್ಕು ಮರಿ ಹಾಕಿತೋ, ಸಾಹುಕಾರರಿಗೆ ತಲೆನೋವು. "ಏ ತಮ್ಮಾ, ಇವನ್ನ ಎಲ್ಲಾರ ದೂರ ಬಿಟ್ಟು ಬಾ" ಅಂತ ಹುಡುಗನಿಗೆ ಹುಕುಂ. ಮರಿಗಳು ಚೀಲಕ್ಕೆ, ಚೀಲ ಸಂತೆ ಬಯಲಿಗೆ, ಇಲ್ಲವೇ ಭಾಲ್ಕಿ ಬಸ್ಸಿನ ಸೀಟಿನ ಕೆಳಗೆ. "ಚೀಲ ಯಾರದರೀ?" ಅಂತ ಕಂಡಕ್ಟರ್ ಕೇಳಿದರೆ ಎಲ್ಲರೂ ಕಿಟಕಿ ಕಡೆ ನೋಡುವವರೇ!

ಮರಿ ಎಂಟು ವಾರವಾದರೂ ತಾಯಿ ಜೊತೆ ಇರಬೇಕು. ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿ ಆಕಳ ಹಾಲು ಕುಡಿಸುತ್ತಾರೆ. ಅದು ಅರಗದೆ ಭೇದಿ ಹತ್ತುತ್ತದೆ. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಪಶುವೈದ್ಯರು ಹೇಳಿದ ಹಾಲು.

ಹಸಿವು, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಕಾಯ್ದೆ ಪ್ರಕಾರ ಅಪರಾಧ. ದಂಡವೋ, ಮೊದಲ ಸಲ 10ರಿಂದ 50 ರೂಪಾಯಿ! ಇಬ್ಬರ ಚಹಾ-ಸುಸಲಾ ಬಿಲ್ಲು. ಯಾರು ಹೆದರಬೇಕು?

ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಗಬ್ಬ ಒಂಬತ್ತೇ ವಾರ. ವರ್ಷಕ್ಕೆ ಎರಡು-ಮೂರು ಸೂಲು. ಎಷ್ಟು ಸಲ ಚೀಲ ಹುಡುಕುತ್ತೀರಿ? ಒಮ್ಮೆ ಆಪರೇಷನ್ ಮಾಡಿಸಿದರೆ ತಂಟೆಯೇ ಇಲ್ಲ. ರಾಜ್ಯದ ಪಶು ವಿಶ್ವವಿದ್ಯಾಲಯವೇ ಬೀದರಿನ ನಂದಿನಗರದಲ್ಲಿದೆ. ಎಲ್ಲೆಲ್ಲಿಂದಲೋ ಓದಲು ಬರುತ್ತಾರೆ, ಪಕ್ಕದ ಔರಾದಿನ ಬೆಕ್ಕು ಹೋಗಬಾರದೇ? ಹೆಂಗೂ ಬಸ್ ಹತ್ತುವುದು ಇದ್ದದ್ದೇ. ಗಾಳಿಯಾಡುವ ಬುಟ್ಟಿಯಲ್ಲಿ ತಾಯಿಬೆಕ್ಕನ್ನೇ ಇಟ್ಟುಕೊಂಡು ಹತ್ತಿ. ರೇಬೀಸ್ ಲಸಿಕೆಯ ಬಗ್ಗೆಯೂ ಕೇಳಿ ಬನ್ನಿ, ಕಚ್ಚಿಸಿಕೊಳ್ಳುವವರು ನೀವೇ.

"ಆಪರೇಷನ್ ಆದ ಬೆಕ್ಕು ಇಲಿ ಹಿಡೀತದೇನ್ರೀ?" ಅಂತ ಕೇಳುವವರಿದ್ದಾರೆ. ಹಿಡೀತದ, ಸಾಹುಕಾರ್ರೇ. ಮರಿ ಕಾಯೋ ಕೆಲಸ ತಪ್ಪತದಲ್ಲ, ರಾತ್ರಿಯಿಡೀ ನಿಮ್ಮ ತೊಗರಿ ಕಾಯ್ತದ.