ಕನಸಿನೊಳಗಿನ ಎಚ್ಚರ

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ನಿಜವಾಗುವ ಮಾತು ಹಾಗಿರಲಿ, ಆ ಹೊತ್ತಿನ ಕನಸು ನೆನಪಿನಲ್ಲಿ ಉಳಿಯುವುದಕ್ಕೆ ಕಾರಣವಿದೆ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ಚುರುಕಾಗಿ ಹೊರಳುವ ‘ರೆಮ್’ ಹಂತ ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗುತ್ತದೆ. ಸ್ಪಷ್ಟವಾದ, ಕಥೆಯಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ನಡುವೆ ಎಚ್ಚರವಾದರೆ ಅವು ನೆನಪಿಗೆ ಸಿಗುತ್ತವೆ. ಕೆಲವೊಮ್ಮೆ ಕನಸು ಮುರಿಯುವುದೇ ಇಲ್ಲ, ಆದರೂ ‘ಅರೆ, ಇದು ಕನಸಲ್ಲವೇ!’ ಎಂದು ಒಳಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ಇದೇ ಲೂಸಿಡ್ ಕನಸು. ಹಲವು ಸಮೀಕ್ಷೆಗಳನ್ನು ಒಟ್ಟಿಗೆ ಲೆಕ್ಕಹಾಕಿದ 2016ರ ಅಧ್ಯಯನವೊಂದರ ಪ್ರಕಾರ ಶೇ 55ರಷ್ಟು ಜನರಿಗೆ ಒಮ್ಮೆಯಾದರೂ ಈ ಅನುಭವವಾಗಿದೆ.

ಕನಸಿನ ಪ್ರಶ್ನೆ ಮೈಸೂರಿಗೆ ಹೊಸದಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ.  ಅತ್ತ ಆ ವಿಭಾಗದ ಪ್ರಯೋಗಾಲಯ ಮನಸ್ಸನ್ನು ಅಳೆಯುತ್ತಿದ್ದ ಕಾಲಕ್ಕೇ ಇತ್ತ ಅದೇ ವಿಶ್ವವಿದ್ಯಾನಿಲಯದಲ್ಲಿ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವಸ್ಥಾತ್ರಯದ ವಿಚಾರದಲ್ಲಿ ಮುಳುಗಿದ್ದರು. ಎಚ್ಚರವೊಂದನ್ನೇ ನೆಚ್ಚಿಕೊಂಡು ಸತ್ಯವನ್ನು ನಿರ್ಣಯಿಸಲಾಗದು, ಕನಸು ಮತ್ತು ಗಾಢನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರ ವಾದ. ಮೈಸೂರಿನ ಶ್ರೀರಾಮಕೃಷ್ಣ ಆಶ್ರಮ 1936ರಲ್ಲಿ ಪ್ರಕಟಿಸಿದ ಸ್ವಾಮಿ ನಿಖಿಲಾನಂದರ ಮಾಂಡೂಕ್ಯ ಉಪನಿಷತ್ತಿನ ಅನುವಾದಕ್ಕೆ ಮುನ್ನುಡಿ ಬರೆದವರು ಇವರೇ.

ಕನಸು ನಡೆಯುವಷ್ಟು ಹೊತ್ತೂ ನಿಜವೆಂದೇ ತೋರುತ್ತದೆ, ಸುಳ್ಳೆಂದು ತಿಳಿಯುವುದು ಎದ್ದ ಮೇಲೆ: ಆ ಚರ್ಚೆಯ ಬುನಾದಿಯಲ್ಲಿರುವ ಅನುಭವ ಇದು. ಲೂಸಿಡ್ ಕನಸು ಇಲ್ಲಿಯೇ ತೊಡಕು ಒಡ್ಡುತ್ತದೆ. ತೀರ್ಪು ಕನಸಿನೊಳಗೇ ಹೊರಬೀಳುತ್ತದೆ, ಆದರೂ ಕನಸು ಮುಂದುವರಿಯುತ್ತದೆ. ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಬೇರೊಂದಿಲ್ಲ.

ಆದರೆ ಎದ್ದವರ ಮಾತನ್ನಷ್ಟೇ ನಂಬುವುದು ಹೇಗೆ? ರೆಮ್ ಹಂತದಲ್ಲಿ ಮಿದುಳುಕಾಂಡ ಕೈಕಾಲಿನ ಸ್ನಾಯುಗಳನ್ನು ತಡೆಹಿಡಿದಿರುತ್ತದೆ, ಬಾಯಿಬಿಟ್ಟು ಹೇಳಲಾಗದು. ಈ ತಡೆಗೆ ಸಿಗದೆ ಉಳಿಯುವುದು ಕಣ್ಣು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಕೀತ್ ಹರ್ನ್ 1975ರಲ್ಲಿ ಈ ಸಂದನ್ನೇ ಬಳಸಿಕೊಂಡರು. ಕನಸೆಂದು ಅರಿವಾದೊಡನೆ ಕಣ್ಣನ್ನು ಎಡಕ್ಕೂ ಬಲಕ್ಕೂ ಎಣಿಸಿ ಹೊರಳಿಸಬೇಕೆಂದು ಅಲನ್ ವರ್ಸ್ಲಿ ಎಂಬವರೊಂದಿಗೆ ಮೊದಲೇ ಮಾತಾಗಿತ್ತು. ಕಣ್ಣಿನ ಚಲನೆಯನ್ನು ದಾಖಲಿಸುವ ಯಂತ್ರ ಗೀಚುತ್ತಿದ್ದ ಅಡ್ಡಾದಿಡ್ಡಿ ಗೆರೆಗಳ ನಡುವೆ ಒಮ್ಮೆಲೇ ಕ್ರಮಬದ್ಧವಾದ ಏರಿಳಿತ ಮೂಡಿತು. ನಿದ್ದೆ ಮಾತ್ರ ನಿದ್ದೆಯಾಗಿಯೇ ಇತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಕೂಡ ಸ್ವತಂತ್ರವಾಗಿ ಇದನ್ನು ಸಾಧಿಸಿ ತೋರಿಸಿದರು.

2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ಇನ್ನೂ ಮುಂದೆ ಹೋಗಿ ನಿದ್ದೆಯಲ್ಲಿದ್ದವರಿಗೆ ಲೆಕ್ಕ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು? ಕಣ್ಣು ಎರಡು ಸಲ ಹೊರಳಿ ಉತ್ತರ ಕೊಟ್ಟಿತು. ಪ್ರಶ್ನೆ ಒಬ್ಬರಿಗೆ ಕನಸಿನ ಕಾರಿನ ರೇಡಿಯೊದಿಂದ ಬಂದಂತೆ ಕೇಳಿಸಿತ್ತು! ಆದರೆ ಅರಿವಿನ ಸಂಕೇತ ಖಚಿತವಾಗಿದ್ದ ಪ್ರಯತ್ನಗಳಲ್ಲೂ ಸರಿಯುತ್ತರ ಬಂದದ್ದು ಸುಮಾರು ಶೇ 18ರಲ್ಲಿ ಮಾತ್ರ. ಶೇ 60ಕ್ಕೂ ಹೆಚ್ಚು ಸಲ ಉತ್ತರವೇ ಇರಲಿಲ್ಲ.

ಮಿದುಳಿನಲ್ಲಿ ಆಗುವುದೇನು? ಮಾಮೂಲಿ ರೆಮ್ ನಿದ್ದೆಯಲ್ಲಿ ಭಾವನೆಯ ಕೇಂದ್ರಗಳು ಚುರುಕಾಗಿರುತ್ತವೆ, ವಿವೇಚನೆಗೆ ಬೇಕಾದ ಹಣೆಯ ಹಿಂದಿನ ಭಾಗಗಳು ಮಂಕಾಗಿರುತ್ತವೆ. ಸತ್ತ ಅಜ್ಜ ಎದುರು ಬಂದು ಕಾಫಿ ಕುಡಿದರೂ ನಮಗೆ ಸೋಜಿಗವಾಗದಿರುವುದು ಬಹುಶಃ ಅದಕ್ಕೇ. ಲೂಸಿಡ್ ಕನಸಿನಲ್ಲಿ ಆ ಭಾಗಗಳೂ ತಲೆಯ ಮೇಲ್ಭಾಗದ ಕೆಲವು ಪ್ರದೇಶಗಳೂ ಮತ್ತೆ ಚುರುಕಾದದ್ದು 2012ರ ಎಂಆರ್‌ಐ ಪ್ರಯೋಗದಲ್ಲಿ ಕಂಡಿತು. ಆದರೆ ಅದು ಒಬ್ಬನೇ ವ್ಯಕ್ತಿಯ ಮಿದುಳಿನ ಚಿತ್ರ. ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಆತುರವಾದೀತು.

ಅಭ್ಯಾಸದಿಂದ ಲೂಸಿಡ್ ಕನಸು ಹೆಚ್ಚು ಸಲ ಬೀಳುತ್ತದೆ. ಐದು ಗಂಟೆ ಮಲಗಿ, ಎದ್ದು ತುಸು ಹೊತ್ತು ಕಳೆದು, ‘ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನಪಾಗಲಿ’ ಎಂದುಕೊಂಡು ಮತ್ತೆ ಮಲಗುವುದು ಲಾಬರ್ಜ್ ಅವರ ವಿಧಾನದ ತಿರುಳು. ನಿದ್ದೆ ಕೆಡುವ ತೊಂದರೆ ಇರುವವರು, ಭ್ರಮೆಯ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಇದರ ಗೊಡವೆಗೆ ಹೋಗಬಾರದು.

ಧ್ಯಾನವೂ ಮನಸ್ಸನ್ನು ಗಮನಿಸುವ ಅಭ್ಯಾಸವೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಮತ್ತು ಸಹೋದ್ಯೋಗಿಗಳು ವಿಪಸ್ಸನ ಧ್ಯಾನಿಗಳ ನಿದ್ದೆಯನ್ನು ದಾಖಲಿಸಿ, ಅವರಲ್ಲಿ ರೆಮ್ ನಿದ್ದೆ ಹೆಚ್ಚಿರುವುದನ್ನು ಕಂಡರು. ರೆಮ್ ಹೆಚ್ಚಿದರೆ ಕನಸಿನೊಳಗಿನ ಅರಿವೂ ಹೆಚ್ಚುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಕಣ್ಣಿನ ಸಂಕೇತ ಕಲಿಸಿ ಕೇಳಿನೋಡುವುದಕ್ಕೆ, ವರ್ಷಗಟ್ಟಲೆ ತಮ್ಮ ಮನಸ್ಸನ್ನೇ ಗಮನಿಸುತ್ತ ಕೂತ ಇಂಥವರಿಗಿಂತ ತಕ್ಕವರು ಯಾರು?