ಆರು ಷಿಲಿಂಗಿನ ಜಗಳ

ಇಂಗ್ಲಿಷ್ ಕಾದಂಬರಿಗಳಲ್ಲಿ ಆಟಗಾರನ ಬಾಳನ್ನು ಒಳಗಿನಿಂದ ಕಂಡು ಬರೆದವು ಹೆಚ್ಚಾಗಿಲ್ಲ. ಅಂಥ ಕೆಲವೇ ಕೃತಿಗಳಲ್ಲಿ ಡೇವಿಡ್ ಸ್ಟೋರಿಯ ‘ದಿಸ್ ಸ್ಪೋರ್ಟಿಂಗ್ ಲೈಫ್’ ಒಂದು. 1960ರಲ್ಲಿ ಪ್ರಕಟವಾದ ಈ ಕಾದಂಬರಿ ಹಲ್ಲು ಮುರಿಯುವುದರಿಂದ ಮೊದಲಾಗುತ್ತದೆ. ಉತ್ತರ ಇಂಗ್ಲೆಂಡಿನ ಒಂದು ಕೈಗಾರಿಕಾ ಪಟ್ಟಣ, ರಗ್ಬಿ ಪಂದ್ಯ, ಆಟದ ನೂಕುನುಗ್ಗಲಿನಲ್ಲಿ ದವಡೆಗೆ ಬಿದ್ದ ಪೆಟ್ಟಿಗೆ ಆರ್ಥರ್ ಮೇಚಿನ್ ಎಂಬ ಯುವಕನ ಮುಂದಿನ ಹಲ್ಲುಗಳು ಮುರಿದುಹೋಗುತ್ತವೆ. ಅದು ಕ್ರಿಸ್‌ಮಸ್ ಹಬ್ಬದ ಮುನ್ನಾದಿನ. ಅವನಿಗಾಗಿ ದಂತವೈದ್ಯನನ್ನು ಹುಡುಕಬೇಕಾಗುತ್ತದೆ. ಕಾದಂಬರಿ ಮುಗಿಯುವುದು ಸಹ ಕಟ್ಟುಹಲ್ಲಿನ ಪ್ರಸ್ತಾಪದಿಂದಲೇ.

ಮೇಚಿನ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸಗಾರ. ಆ ಕಾರ್ಖಾನೆಯ ಒಡೆಯನೇ ಊರಿನ ರಗ್ಬಿ ತಂಡದ ಹಿರಿಯ ಯಜಮಾನರಲ್ಲೊಬ್ಬ. ಮೇಚಿನ್ ಬಾಡಿಗೆಗಿರುವ ಮನೆಯ ವಿಧವೆಯ ಗಂಡ ಸತ್ತದ್ದು ಅದೇ ಕಾರ್ಖಾನೆಯ ಅಪಘಾತದಲ್ಲಿ. ಆ ಸತ್ತವನ ಬೂಟುಗಳು ಇನ್ನೂ ಒಲೆಯ ಬಳಿಯಲ್ಲಿ ಇವೆ. ಹೀಗೆ ವಾರದ ದಿನಗಳಲ್ಲಿ ಯಂತ್ರಕ್ಕೂ ಶನಿವಾರ ಆಟದ ಬಯಲಿಗೂ ಒಂದೇ ಒಡೆತನದ ಕೆಳಗೆ ಮೈಯನ್ನು ತೆತ್ತವನ ಕತೆ ಇದು. ಬರೆದವನಿಗೆ ಇದು ಕೇಳಿದ ಕತೆಯಲ್ಲ. ವೇಕ್‌ಫೀಲ್ಡಿನ ಗಣಿಕಾರ್ಮಿಕನೊಬ್ಬನ ಮಗನಾದ ಸ್ಟೋರಿ ಲಂಡನ್ನಿನ ಸ್ಲೇಡ್ ಚಿತ್ರಕಲಾ ಶಾಲೆಯಲ್ಲಿ ಓದುವಾಗ, ಓದಿನ ಖರ್ಚಿಗಾಗಿ ಲೀಡ್ಸ್ ತಂಡದಲ್ಲಿ ಸಂಬಳದ ಆಟಗಾರನಾಗಿದ್ದ. ವಾರವೆಲ್ಲ ಕುಂಚ, ಶನಿವಾರ ಬಂದರೆ ರೈಲು ಹತ್ತಿ ಉತ್ತರಕ್ಕೆ ಪಯಣ. ಆ ಪಯಣಗಳಲ್ಲೇ ಬರವಣಿಗೆ ಮೊಳೆಯಿತು. 1963ರಲ್ಲಿ ಲಿಂಡ್ಸೆ ಆಂಡರ್ಸನ್ ಇದನ್ನು ಚಲಚ್ಚಿತ್ರವಾಗಿಸಿದ. ಚಿತ್ರವನ್ನು ಬಲ್ಲವರು ನಮ್ಮಲ್ಲಿ ಕೆಲವರಾದರೂ ಇದ್ದಾರೆ. ಕಾದಂಬರಿಯನ್ನು ಓದಿದವರು ಬಹಳ ಕಡಿಮೆ.

ರಗ್ಬಿ ನಮಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ಮೊಟ್ಟೆಯಾಕಾರದ ಚೆಂಡು, ಅದನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಗೆರೆಯ ಆಚೆಗೆ ಒಯ್ದು ನೆಲಕ್ಕೊತ್ತಬೇಕು, ಅದಕ್ಕೆ ‘ಟ್ರೈ’ ಎಂದು ಹೆಸರು. ಕೈಯಿಂದ ಚೆಂಡನ್ನು ಹಿಂದಕ್ಕೆ ಎಸೆಯಬಹುದೇ ಹೊರತು ಮುಂದಕ್ಕಲ್ಲ. ಹಿಡಿದು ಓಡುವವನನ್ನು ಕೆಡವುವುದಕ್ಕೆ ಎದುರಾಳಿಗೆ ಸ್ವಾತಂತ್ರ್ಯವುಂಟು. ನಮ್ಮ ಕಬಡ್ಡಿಯ ಹಿಡಿತ, ಕುಸ್ತಿಯ ಬಲ, ಓಟದ ವೇಗ ಇವೆಲ್ಲವನ್ನೂ ಎಂಬತ್ತು ನಿಮಿಷಗಳ ಕಾಲ ಕೆಸರಿನಲ್ಲಿ ಕಲಸಿದರೆ ಏನಾದೀತೋ ಅದು ರಗ್ಬಿ. ಮೈಗೆ ಮೈ ಬಡಿಯುವುದು ಇಲ್ಲಿ ಆಕಸ್ಮಿಕವಲ್ಲ, ಅದೇ ಆಟ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳು ತಿಳಿದಾವು.

ಈ ಆಟ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಸಿರಿವಂತರ ಮಕ್ಕಳ ವಿದ್ಯಾಶಾಲೆಗಳಲ್ಲಿ. ಹೆಸರು ಬಂದದ್ದೇ ಅಂಥ ಒಂದು ಶಾಲೆಯಿಂದ. ಅಲ್ಲಿ ಕಲಿತವರು ದೊಡ್ಡವರಾದ ಮೇಲೂ ಆಡಿದರು. ಸಾಮ್ರಾಜ್ಯದೊಡನೆ ಅದನ್ನು ಕಲ್ಕತ್ತೆಗೂ ಒಯ್ದರು. 1870ರ ದಶಕದಲ್ಲಿ ಅಲ್ಲಿ ನಡೆದ ಕ್ಲಬ್ಬು ಆರು ವರ್ಷ ತುಂಬುವುದರೊಳಗೆ ಮುಚ್ಚಿತು. ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಮೂರು ನಾಗರಹಾವುಗಳೇ ಅದರ ಹಿಡಿಗಳು. ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳ ತಂಡಗಳು ಆಡಿ ಗೆಲ್ಲುವ ‘ಕಲ್ಕತ್ತಾ ಕಪ್’ ಅದೇ. ಹಣವೆಂದರೆ ಮೈಲಿಗೆಯೆಂದು ಒಂದು ಶತಮಾನದ ಕಾಲ ಸಾಧಿಸಿದವರ ಹೆಮ್ಮೆಯ ಬಟ್ಟಲು ನಮ್ಮ ದೇಶದ ನಾಣ್ಯಗಳನ್ನು ಕರಗಿಸಿ ಎರಕಹೊಯ್ದದ್ದು ಎಂಬುದು ನಗು ತರಿಸುವ ಮಾತು.

ಆ ಮಡಿಯ ಕತೆಯೇ ನಮ್ಮ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಗ್ಬಿ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಗಿರಣಿ ಕೆಲಸಗಾರರಿಗೂ ಗಣಿ ಕೆಲಸಗಾರರಿಗೂ ಹತ್ತಿತು. ಹತ್ತಿದ್ದು ಮಾತ್ರವಲ್ಲ, ಅವರು ಗೆಲ್ಲತೊಡಗಿದರು. ಆದರೆ ಶನಿವಾರ ಬೆಳಗ್ಗೆ ಅವರಿಗೆ ಕೆಲಸವಿತ್ತು. ದೂರದ ಊರಿಗೆ ಪಂದ್ಯಕ್ಕೆ ಹೊರಟರೆ ಆ ದಿನದ ಕೂಲಿ ಹೋಯಿತು. ವಕೀಲನ ಮಗನಿಗೆ ಇದು ಲೆಕ್ಕಕ್ಕಿಲ್ಲ. ಕಲ್ಲಿದ್ದಲು ಕಡಿಯುವವನ ಮನೆಯಲ್ಲಿ ಅದು ಒಂದು ಹೊತ್ತಿನ ಒಲೆ. ಉತ್ತರದ ಕ್ಲಬ್ಬುಗಳು ಕೇಳಿದ್ದು ಸಂಬಳವಲ್ಲ. ಆಟದಿಂದ ತಪ್ಪಿದ ಕೂಲಿಯನ್ನು ತುಂಬಿಕೊಡುವ ಅನುಮತಿ, ಅಷ್ಟೆ. 1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆ 136ಕ್ಕೆ 282 ಮತಗಳಿಂದ ಇಲ್ಲವೆಂದಿತು. ಎರಡು ವರ್ಷ ಕಳೆದು, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಕೂಡಿ ಬೇರೆ ಸಂಘವನ್ನೇ ಕಟ್ಟಿದವು. ಅವರು ಗೊತ್ತುಮಾಡಿದ ಪರಿಹಾರ ದಿನಕ್ಕೆ ಆರು ಷಿಲಿಂಗು.

ಒಂದು ಆಟ ಎರಡಾಯಿತು. ಉಳಿದವರದು ‘ಯೂನಿಯನ್’, ಹದಿನೈದು ಜನರ ಆಟ. ಹೊರಟವರದು ಕ್ರಮೇಣ ‘ಲೀಗ್’ ಎನಿಸಿ ಹದಿಮೂರು ಜನರದಾಯಿತು. ಲೀಗಿನವರು 1898ರಲ್ಲಿ ಸಂಬಳದ ಆಟವನ್ನು ಒಪ್ಪಿದಾಗಲೂ ಅಂಜುತ್ತಲೇ ಒಪ್ಪಿದರು: ಆಟಗಾರನಿಗೆ ಬೇರೊಂದು ಪ್ರಾಮಾಣಿಕ ಉದ್ಯೋಗ ಇರಲೇಬೇಕು, ಮದ್ಯದಂಗಡಿಯ ಮಾಣಿಯ ಕೆಲಸವಾಗಲಿ ಬಿಲಿಯರ್ಡ್ಸ್ ಮೇಜಿನ ಬಳಿ ಅಂಕ ಗುರುತಿಸುವ ಕೆಲಸವಾಗಲಿ ಉದ್ಯೋಗವೆನಿಸದು! ಈ ನಿಬಂಧನೆ 1905ರವರೆಗೆ ಉಳಿಯಿತು. ಅದು ಹೋದ ಮೇಲೂ ಬಹುಪಾಲು ಆಟಗಾರರು ಗಣಿಯನ್ನೋ ಗಿರಣಿಯನ್ನೋ ಬಿಡಲಿಲ್ಲ, ಬಿಡುವಷ್ಟು ಹಣ ಆಟದಲ್ಲಿ ಇರಲಿಲ್ಲ. ಗೆದ್ದ ದಿನಕ್ಕೆ ಒಂದು ಕೂಲಿ, ಸೋತ ದಿನಕ್ಕೆ ಅದಕ್ಕಿಂತ ಕಡಿಮೆಯ ಕೂಲಿ. ಒಮ್ಮೆ ರುಜು ಹಾಕಿದವನು ಕ್ಲಬ್ಬಿನ ಸೊತ್ತು. ಬೇರೆ ಕಡೆ ಹೋಗಬೇಕಾದರೆ ಕ್ಲಬ್ಬು ಅವನಿಗೊಂದು ಬೆಲೆ ಕಟ್ಟಿ ಪಟ್ಟಿಯಲ್ಲಿ ಹೆಸರು ಹಾಕಬೇಕು.

ಯೂನಿಯನ್ನಿನ ಕಡೆಯ ಮಡಿವಂತಿಕೆ ಇದಕ್ಕಿಂತ ಘೋರ. ಒಂದು ಸಲ ಲೀಗಿನ ಹಣ ಮುಟ್ಟಿದವನಿಗೆ ಆಜೀವ ಬಹಿಷ್ಕಾರ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಸೋಜಿಗವೆನಿಸುವ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. 1980ರಲ್ಲಿ ಇಂಗ್ಲೆಂಡಿಗೆ ದೊಡ್ಡ ಗೆಲುವು ತಂದ ನಾಯಕ ಬಿಲ್ ಬೋಮಾಂಟ್ ಎರಡು ವರ್ಷದ ಮೇಲೆ ಪೆಟ್ಟಿನಿಂದಾಗಿ ಆಟ ಬಿಟ್ಟು ಆತ್ಮಕತೆ ಬರೆದ. ಅದರ ಸಂಭಾವನೆಯನ್ನು ತಾನೇ ಇಟ್ಟುಕೊಂಡ. ಅಷ್ಟಕ್ಕೇ ಅವನನ್ನು ಸಂಬಳದ ಆಟಗಾರನೆಂದು ಸಾರಿ ಹೊರಗಿಟ್ಟರು. ಹೊರಗಿಟ್ಟವನನ್ನೇ 2016ರಲ್ಲಿ ಜಾಗತಿಕ ರಗ್ಬಿ ಸಂಸ್ಥೆಯ ಅಧ್ಯಕ್ಷ ಪೀಠದಲ್ಲಿ ಕೂರಿಸಿದರೆಂಬುದು ಕಾಲದ ವಿನೋದ.

ಈ ಬಹಿಷ್ಕಾರದ ಬಿಸಿ ಹೆಚ್ಚು ತಟ್ಟಿದ್ದು ವೇಲ್ಸಿಗೆ. ಅಲ್ಲಿ ಯೂನಿಯನ್ನೇ ಜನರ ಆಟ. ಗಣಿಯವನೂ ಅದನ್ನೇ ಆಡುತ್ತಿದ್ದ. ಆದರೆ ಗಣಿಗಳು ಮುಚ್ಚಿ ಬಡತನ ಬಂದಾಗ ಉತ್ತರ ಇಂಗ್ಲೆಂಡಿನ ಲೀಗ್ ಕ್ಲಬ್ಬುಗಳ ದೂತರು ಹಣದ ಚೀಲದೊಡನೆ ಮನೆಬಾಗಿಲಿಗೆ ಬಂದರು. ‘ಉತ್ತರಕ್ಕೆ ಹೋದ’ ಎಂಬುದು ಅಲ್ಲಿ ಒಂದು ನುಡಿಗಟ್ಟೇ ಆಯಿತು. ಸತ್ತವನ ವಿಷಯ ಹೇಳುವಂತೆ ಅದನ್ನು ಹೇಳುತ್ತಿದ್ದರು. ಪರೀಕ್ಷೆಯ ಪಂದ್ಯಗಳಲ್ಲಿ ಹುಡುಗರು ಹೆಸರು ಮರೆಸಿ ಆಡುತ್ತಿದ್ದರು. ಜಿಮ್ ಸಲಿವನ್ ಕಾರ್ಡಿಫ್ ಬಿಟ್ಟು ವಿಗನ್ ಕ್ಲಬ್ಬಿಗೆ ಹೊರಟದ್ದು 1921ರಲ್ಲಿ, ಹದಿನೇಳರ ವಯಸ್ಸಿನಲ್ಲಿ, 750 ಪೌಂಡಿಗೆ.

ಹೀಗೆ ಹೋದವರಲ್ಲಿ ಬಿಲ್ಲಿ ಬಾಸ್ಟನ್‌ನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಡಿಫಿನ ಬಂದರಿನ ಪಕ್ಕದ ಟೈಗರ್ ಬೇ ಕೇರಿಯಲ್ಲಿ 1934ರಲ್ಲಿ ಹುಟ್ಟಿದವನು. ತಂದೆ ಆಫ್ರಿಕದ ಸಿಯೆರಾ ಲಿಯೋನಿನಿಂದ ಬಂದ ನಾವಿಕ, ತಾಯಿ ಐರಿಷ್ ಮೂಲದವಳು. ಮನೆ ತುಂಬ ಮಕ್ಕಳು. ಹುಡುಗನ ಆಸೆಯೆಲ್ಲ ಕಾರ್ಡಿಫಿಗಾಗಿ, ಆಮೇಲೆ ವೇಲ್ಸಿಗಾಗಿ ಆಡುವುದು. 1953ರಲ್ಲಿ ವಿಗನ್ ಕ್ಲಬ್ಬಿನ ಯಜಮಾನರು ಮನೆಗೆ ಬಂದು ಮೇಜಿನ ಮೇಲೆ ಸಾವಿರ ಪೌಂಡಿನ ನೋಟು ಹರಡಿದರು. ಮಗನಿಗೆ ಮನಸ್ಸಿಲ್ಲ. ಅವರನ್ನು ಸಾಗಹಾಕುವುದಕ್ಕೆಂದು ತಾಯಿ, ಮೂರು ಸಾವಿರವಾದರೆ ಒಪ್ಪಿಯಾನು ಎಂದಳಂತೆ. ಬಂದವರು ಹೂಂ ಎಂದುಬಿಟ್ಟರು! ಆಡಿದ ಮಾತು ಹಿಂದಕ್ಕೆ ಬಾರದು. ಹುಡುಗ ರುಜು ಹಾಕಿದ. ಬಾಸ್ಟನ್ ಮುಂದೆ ಇದನ್ನು ಹೇಳಿಕೊಂಡಾಗಲೆಲ್ಲ ಅದರಲ್ಲಿ ನಗುವಿನಷ್ಟೇ ಅಳುವೂ ಇರುತ್ತಿತ್ತು.

ಆ ರುಜುವಿನಿಂದ ಅವನು ಕಳೆದುಕೊಂಡದ್ದೇನು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಕರಿಯ ಮೈಬಣ್ಣದವರಿಗೆ ವೇಲ್ಸಿನ ಯೂನಿಯನ್ ತಂಡದ ಬಾಗಿಲು 1980ರ ದಶಕದವರೆಗೆ ತೆರೆಯಲೇ ಇಲ್ಲ. ಲೀಗ್ ಮಾತ್ರ ಮರುವರ್ಷವೇ, 1954ರಲ್ಲಿ, ಅವನನ್ನು ಬ್ರಿಟನ್ನಿನ ತಂಡದೊಡನೆ ಆಸ್ಟ್ರೇಲಿಯಕ್ಕೆ ಕಳುಹಿಸಿತು. ಆ ಪ್ರವಾಸದ 18 ಪಂದ್ಯಗಳಲ್ಲಿ ಅವನು 36 ಟ್ರೈ ಗಳಿಸಿದ. ವಿಗನ್ನಿಗಾಗಿ 478, ಒಟ್ಟು 571. ಲೀಗಿನ ಇತಿಹಾಸದಲ್ಲಿ ಇದನ್ನು ಮೀರಿದವನು ಬ್ರಯನ್ ಬೆವನ್ ಒಬ್ಬನೇ. ಹಾಗೆಂದು ಲೀಗು ಬಣ್ಣವನ್ನು ಕಾಣದ ಲೋಕವಾಗಿತ್ತೆಂದು ತಿಳಿಯಬಾರದು. 1957ರಲ್ಲಿ ಆಸ್ಟ್ರೇಲಿಯದಿಂದ ಮರಳುವಾಗ ತಂಡ ದಕ್ಷಿಣ ಆಫ್ರಿಕದಲ್ಲಿ ಪ್ರದರ್ಶನ ಪಂದ್ಯಗಳನ್ನಾಡಲು ಇಳಿಯಿತು. ಅಲ್ಲಿನ ವರ್ಣಭೇದದ ಕಾನೂನಿಗೆ ತಲೆಬಾಗಿ ಬಾಸ್ಟನ್‌ನನ್ನು ಬೇರೆ ದಾರಿಯಲ್ಲಿ ಒಬ್ಬನನ್ನೇ ಊರಿಗೆ ಕಳುಹಿಸಿತು. ತಂಡ ತಂಡವೆಂದು ಹೇಳುವ ಮಾತಿಗೆ ಎಷ್ಟು ತೂಕ ಎಂಬುದು ಇಂಥ ಕಡೆಯೇ ತಿಳಿಯುವುದು.

ಆಟ ನಿಂತ ಮೇಲೆ ಬಾಸ್ಟನ್ ವಿಗನ್ನಿನಲ್ಲಿ, ತಾನು ಆಡಿದ ಮೈದಾನದ ಹತ್ತಿರವೇ, ಒಂದು ಮದ್ಯದಂಗಡಿ ನಡೆಸಿದ. ಮೈದಾನವನ್ನು 1999ರಲ್ಲಿ ಕೆಡವಿದರು. ಅಲ್ಲಿ ದೊಡ್ಡ ಅಂಗಡಿಯೊಂದು ಎದ್ದಿತು. ವಿಗನ್ನಿನಲ್ಲಿ 2016ರಲ್ಲೂ ಕಾರ್ಡಿಫಿನಲ್ಲಿ 2023ರಲ್ಲೂ ಅವನ ಪ್ರತಿಮೆ ನಿಂತಿತು. 2025ರ ಜೂನಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ‘ಸರ್’ ಪದವಿ ಬಂತು. 1895ರಲ್ಲಿ ಹುಟ್ಟಿದ ಲೀಗ್ ಆಟದ ಆಟಗಾರನೊಬ್ಬನಿಗೆ ಈ ಪದವಿ ಸಂದದ್ದು ಅದೇ ಮೊದಲು. ನೂರಮೂವತ್ತು ವರ್ಷ! ಅಷ್ಟು ಹೊತ್ತಿಗೆ ಮರೆವಿನ ರೋಗ ಅವನನ್ನು ಹಿಡಿದಿತ್ತು.

ಹಣದ ಮೈಲಿಗೆ ತೊಳೆದುಹೋದದ್ದು 1995ರಲ್ಲಿ. ದೂರದರ್ಶನದ ದೊರೆ ಮರ್ಡಾಕ್ ಆ ವರ್ಷ ದಕ್ಷಿಣ ಗೋಳಾರ್ಧದ ಮೂರು ರಗ್ಬಿ ರಾಷ್ಟ್ರಗಳಿಗೆ ಹತ್ತು ವರ್ಷದ ಪ್ರಸಾರಕ್ಕೆಂದು ಸುಮಾರು 55 ಕೋಟಿ ಡಾಲರ್ ಕೊಡಲು ಒಪ್ಪಿದ. ಇಷ್ಟು ಹಣ ಕಣ್ಣೆದುರಿಗೆ ಹರಿಯುವಾಗ ಮಡಿ ಎಷ್ಟು ದಿನ ನಿಂತೀತು? ಆಗಸ್ಟ್ ತಿಂಗಳ ಕೊನೆಯ ವಾರ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಲಿ ಯೂನಿಯನ್ ಆಟವೂ ಇನ್ನು ಮುಂದೆ ಎಲ್ಲರಿಗೂ ತೆರೆದದ್ದೆಂದು ಘೋಷಿಸಿತು. ಹಡರ್ಸ್‌ಫೀಲ್ಡಿನ ಸಭೆಗೆ ನೂರು ವರ್ಷ ತುಂಬಲು ಕೆಲವೇ ದಿನ ಉಳಿದಿದ್ದವು. ಆರು ಷಿಲಿಂಗಿನ ಜಗಳವನ್ನು ನಾವು ಬಗೆಹರಿಸಿದೆವೆಂದು ಅಲ್ಲಿ ಯಾರಿಗಾದರೂ ಅನಿಸಿದ್ದರೆ ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. 1893ರಲ್ಲಿ ಕೂಡ ಲೆಕ್ಕ ಹಾಕಿದ್ದು ತಪ್ಪಿದ ದಿನಕ್ಕೆ, ಸವೆದ ಮೈಗಲ್ಲ. ಒಂದು ಪಕ್ಷ ಕೊಡಬಾರದೆಂದಿತು, ಇನ್ನೊಂದು ಕೊಟ್ಟರೆ ತೀರಿತೆಂದಿತು. ನಮ್ಮ ಹಳಗನ್ನಡದವರಿಗೆ ಈ ವಿಷಯದಲ್ಲಿ ಸಂಕೋಚವಿರಲಿಲ್ಲ: ಉಂಡ ಅನ್ನಕ್ಕೆ ಮೈಯನ್ನು ತೆರುವುದನ್ನು ಜೋಳವಾಳಿ ಎಂದು ಬಾಯಿಬಿಟ್ಟು ಕರೆದರು, ಬಿದ್ದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲವನ್ನು ಬಿಟ್ಟು ಶಾಸನದಲ್ಲಿ ಕೆತ್ತಿಸಿದರು. ರಗ್ಬಿಯ ಎರಡು ಸಂಘಗಳ ನಿಬಂಧನೆಗಳಲ್ಲಿ ನೆತ್ತರುಗೊಡಗೆಗೆ ಪದವೇ ಇರಲಿಲ್ಲ.

ಇಡೀ ದಿನದ ಉದ್ಯೋಗವಾದ ಮೇಲೆ ಆಟಗಾರರ ಮೈ ಬೆಳೆಯಿತು, ಅದರೊಡನೆ ಡಿಕ್ಕಿಯ ಬಲವೂ ಬೆಳೆಯಿತು. ಉದ್ಯೋಗವೇನೋ ಸ್ಥಿರವಾಗಲಿಲ್ಲ. 2022ರ ಸೆಪ್ಟೆಂಬರಿನಿಂದ 2023ರ ಜೂನಿನವರೆಗೆ ಇಂಗ್ಲೆಂಡಿನ ಮೇಲ್ದರ್ಜೆಯ ಮೂರು ಕ್ಲಬ್ಬುಗಳು, ವುಸ್ಟರ್, ವಾಸ್ಪ್ಸ್, ಲಂಡನ್ ಐರಿಷ್, ಒಂದರ ಹಿಂದೊಂದು ದಿವಾಳಿಯ ಹಾದಿ ಹಿಡಿದವು. ಋತುವಿನ ನಡುವೆ ಆಟಗಾರರು ಸಂಬಳವಿಲ್ಲದೆ ಬೀದಿಗೆ ಬಂದರು. ಆದರೂ ಸಾಲ ತೀರಿಸಬಹುದು, ಬೇರೆ ತಂಡ ಹುಡುಕಬಹುದು. ಸ್ಟೀವ್ ಥಾಮ್ಸನ್ ಕಳೆದುಕೊಂಡದ್ದು ಅಂಥದಲ್ಲ.

ಥಾಮ್ಸನ್ ಆ ಹೊಸ ಕಾಲದ ಮೊದಲ ತಲೆಮಾರಿನವನು. ಅವನ ಸ್ಥಾನ ‘ಹುಕರ್’. ಎರಡು ತಂಡಗಳ ಮುಂದಾಳುಗಳು ತಲೆ ಬಾಗಿಸಿ ಹೆಗಲಿಗೆ ಹೆಗಲೊತ್ತಿ ನೂಕಾಡುವ ‘ಸ್ಕ್ರಮ್’ ಎಂಬ ವ್ಯೂಹದ ಮುಂಚೂಣಿಯ ನಟ್ಟನಡುವೆ ನಿಲ್ಲುವವನು. ಪಂದ್ಯ ವಾರಕ್ಕೊಂದಾದರೆ ಅಭ್ಯಾಸದ ನೂಕಾಟ ವಾರವೆಲ್ಲ. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ಇಂಗ್ಲೆಂಡು ಆಸ್ಟ್ರೇಲಿಯವನ್ನು 20–17ರಿಂದ ಸೋಲಿಸಿ ವಿಶ್ವ ಕಪ್ ಗೆದ್ದಾಗ ಅವನು ಮೈದಾನದಲ್ಲಿದ್ದ. 2020ರ ಡಿಸೆಂಬರಿನಲ್ಲಿ, ನಲವತ್ತೆರಡರ ವಯಸ್ಸಿಗೆ, ತನಗೆ ಅಕಾಲದ ಮರೆವಿನ ರೋಗವೆಂದು ಅವನು ಲೋಕಕ್ಕೆ ತಿಳಿಸಿದ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ತಮ್ಮನ್ನು ಕಾಯಲಿಲ್ಲವೆಂದು ಅವನೂ ಜೊತೆಯ ಕೆಲವರೂ ಆಟದ ಸಂಸ್ಥೆಗಳ ಮೇಲೆ ದಾವೆಗೆ ಹೊರಟರು. ಕೆಲವರಿದ್ದವರು ಬರಬರುತ್ತ ನೂರಾರು ಮಂದಿಯಾದರು. ಸಂಸ್ಥೆಗಳು ಹೊಣೆಯನ್ನು ಒಪ್ಪಿಲ್ಲ.

ಇದೆಲ್ಲ ಹಣ ತಂದ ಕೇಡು, ಹಳೆಯ ಹವ್ಯಾಸಿ ಆಟವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವವರು ಅಲ್ಲಿ ಇದ್ದಾರೆ. ಅವರು ಓದಬೇಕಾದ ಒಂದು ಅಧ್ಯಯನ 2022ರಲ್ಲಿ ಗ್ಲಾಸ್ಗೋದಿಂದ ಹೊರಬಂತು. ಸ್ಕಾಟ್ಲೆಂಡಿನ ತಂಡದಲ್ಲಿ ಆಡಿದ್ದ 412 ಹಳೆಯ ಆಟಗಾರರನ್ನು ಅವರಂಥ ಇತರರೊಡನೆ ಹೋಲಿಸಿದಾಗ ಮಿದುಳಿನ ಕ್ಷಯರೋಗಗಳ ಅಪಾಯ ಆಟಗಾರರಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚೆಂದು ಕಂಡಿತು. ಆ ಆಟಗಾರರು ಬಹುಮಟ್ಟಿಗೆ ಹವ್ಯಾಸಿ ಕಾಲದವರು. ಬಿಡಿಗಾಸೂ ಮುಟ್ಟದೆ, ಮಡಿ ಕೆಡದೆ, ಅವರೂ ತೆತ್ತಿದ್ದರು.

ಥಾಮ್ಸನ್‌ಗೆ ಸಿಡ್ನಿಯ ಆ ಸಂಜೆಯ ನೆನಪಿಲ್ಲ. ಪಂದ್ಯದ ಚಿತ್ರವನ್ನು ಹಾಕಿ ನೋಡಿದ್ದಾನೆ. ಅಲ್ಲಿ ಓಡುವವನು ತಾನೆಂದು ಗುರುತು ಸಿಗುತ್ತದೆ, ಆದರೆ ತಾನು ಅಲ್ಲಿದ್ದೆನೆಂದು ಅನಿಸುವುದಿಲ್ಲವೆಂದು ಹೇಳಿದ್ದಾನೆ. ಸತ್ತ ಮೇಲೆ ತನ್ನ ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ಬರೆದುಕೊಟ್ಟಿದ್ದಾನೆ.